ಮುನ್ನೂರ ಎಂಬತ್ತನಾಲ್ಕು ಮೀಟರ್

ಹಳೆಯ ಹಾಜರಿ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ ಆ ಚಳಿಗಾಲದ ಓಟ ಇದೆ. ದಿನ, ಸುತ್ತು, ಸೆಕೆಂಡು, ಮೂರು ಕಾಲಂ. ನಾನೇ ಬರೆದದ್ದು, ಒಂದೂ ತಪ್ಪಿಲ್ಲ. ತಪ್ಪಿದ್ದದ್ದು ಸುತ್ತಿನಲ್ಲಿ. ನಾನೂರು ಮೀಟರ್ ಎಂದುಕೊಂಡು ಎರಡು ತಿಂಗಳು ನಾವು ಓಡಿದ ಸುತ್ತು ನಾನೂರು ಇರಲಿಲ್ಲ. ಇದನ್ನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಹೇಳಿದಾಗಲೆಲ್ಲ ನಾನು ಸ್ವಲ್ಪ ಒಳ್ಳೆಯವನಾಗಿದ್ದೇನೆ. ಬರೆಯುವಾಗ ಹಾಗೆ ಆಗದಂತೆ ನೋಡಿಕೊಳ್ಳಬೇಕು.

ಊರು ಹೊಳೆನರಸೀಪುರ. ಓಡುತ್ತಿದ್ದವರು ಇಬ್ಬರು. ನಾನು ಹೈಸ್ಕೂಲಿನ ಗಣಿತ ಮೇಷ್ಟ್ರು; ನಲವತ್ತು ದಾಟಿ, ರಕ್ತದಲ್ಲಿ ಸಕ್ಕರೆ ಕಂಡ ಮೇಲೆ ಓಟಕ್ಕೆ ಬಿದ್ದವನು. ಇನ್ನೊಬ್ಬ ನನ್ನ ಹಳೆಯ ವಿದ್ಯಾರ್ಥಿ, ಅರಕಲಗೂಡು ರಸ್ತೆಯ ಹಳ್ಳಿಯವನು. ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆ ಪಾಸು ಮಾಡಿಕೊಂಡಿದ್ದ. ಉಳಿದದ್ದು ಓಟ: ಸಾವಿರದ ಆರುನೂರು ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ವಯಸ್ಸಿನ ಮಿತಿ ಅವನ ಬೆನ್ನಿಗೇ ಇತ್ತು. ಈ ಸಲ ಆಗದಿದ್ದರೆ ಮತ್ತೆ ಅರ್ಜಿ ಹಾಕುವ ಹಾಗಿಲ್ಲ.

ಗಡಿಯಾರ ಹಿಡಿಯುತ್ತಿದ್ದವರು ನಮ್ಮ ಡ್ರಿಲ್ ಮೇಷ್ಟ್ರು. ನಿವೃತ್ತರು. ಬೇರೆ ಬೇರೆ ಕಾಲದಲ್ಲಿ ನಮ್ಮಿಬ್ಬರಿಗೂ ಸೀಟಿ ಊದಿದವರು. ಮಂಕಿ ಕ್ಯಾಪು, ಮೇಲೆ ಹೆಂಡತಿಯ ಶಾಲು, ಕೊರಳಲ್ಲಿ ಸ್ಟಾಪ್‌ವಾಚು. ಓಟದ ಹಾದಿಯನ್ನೂ ಅವರೇ ಎಳೆದಿದ್ದರು. ಚನ್ನರಾಯಪಟ್ಟಣದಲ್ಲಿ ಕೆಲಸದಲ್ಲಿದ್ದಾಗಿನಿಂದ ಅವರದೊಂದು ಪದ್ಧತಿ: ಸುಣ್ಣದ ಪುಡಿ ಹಾಕುವುದು ಸೂರ್ಯ ಹುಟ್ಟುವ ಮೊದಲು, ಹುಲ್ಲಿನ ಮೇಲೆ ಇಬ್ಬನಿ ಇದ್ದಾಗ. ಒದ್ದೆ ನೆಲಕ್ಕೆ ಸುಣ್ಣ ಕಚ್ಚಿಕೊಳ್ಳುತ್ತದೆ, ಗಾಳಿಗೆ ಹಾರುವುದಿಲ್ಲ. ಅಳತೆಗೆ ಗಂಟು ಹಾಕಿದ ಉದ್ದನೆಯ ನೂಲಿನ ಹಗ್ಗ. ನೇರ ಓಟಕ್ಕೆ ಎಂಬತ್ತು ಮೀಟರಿಗೊಂದು ಗಂಟು, ತಿರುವು ಎಳೆಯಲು ಇನ್ನೊಂದು. ಅವರ ಗೆರೆ ಹದಿನೈದು ದಿನ ಅಳಿಸುತ್ತಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಆಚೆ ಬದಿ ಕಾಣುತ್ತಿರಲಿಲ್ಲ. ಹೊಳೆಯ ಕಡೆಯಿಂದ ಮಂಜು ಬಂದು ಗೋಲ್ ಕಂಬದವರೆಗೆ ನಿಂತಿರುತ್ತಿತ್ತು. ಒಂದು ಸುತ್ತು ಜೋರಾಗಿ, ಒಂದೂವರೆ ನಿಮಿಷ ನಡಿಗೆ, ಮತ್ತೆ ಒಂದು ಸುತ್ತು. ಅವನಿಗೆ ಹೀಗೆ ಎಂಟು, ನನಗೆ ಒಂದು ಬಿಟ್ಟು ಒಂದು, ನಾಲ್ಕು. ಮೊದಲ ಸುತ್ತಿನಲ್ಲಿ ಗಂಟಲಿನಲ್ಲಿ ಬ್ಲೇಡು ಎಳೆದಂತಾಗುತ್ತದೆ. ಬೆರಳ ತುದಿಗಳಿಗೆ ನಾಲ್ಕನೆಯ ಸುತ್ತಿನವರೆಗೂ ಜೀವ ಬರುವುದಿಲ್ಲ. ಆಚೆ ತಿರುವಿನಲ್ಲಿ ಯಾರದೋ ಹೊಲದ ಅವರೆಯ ಸೊಗಡು ಮೂಗಿಗೆ ಬಡಿದರೆ ಇನ್ನು ಅರ್ಧ ಉಳಿದಿದೆ ಎಂದು ಲೆಕ್ಕ. ಗೆರೆ ದಾಟುವಾಗ ಮಂಜಿನೊಳಗಿಂದ ಮೇಷ್ಟ್ರ ದನಿ ಬರುತ್ತಿತ್ತು: "ತೊಂಬತ್ತೆರಡು. ನಡೀಲಾ, ಕೂರಬ್ಯಾಡ. ಕೂತ್ರೆ ಅಲ್ಲೇ ಮರಗಟ್ಟೋಯ್ತೀಯ."

ಬೇಕಾಗಿದ್ದದ್ದು ತೊಂಬತ್ತೇಳೂವರೆ. ಅವನು ತೊಂಬತ್ತೆರಡರಲ್ಲಿ ಎಂಟು ಸುತ್ತು ಓಡುತ್ತಿದ್ದ. ಒಂದು ಭಾನುವಾರ ನಾಲ್ಕು ಸುತ್ತನ್ನು ಒಂದೇ ಉಸಿರಿಗೆ ಓಡಿಸಿದಾಗ ಆರು ನಿಮಿಷ ಇಪ್ಪತ್ತೆರಡು ಸೆಕೆಂಡು ಬಂತು. ಮೇಷ್ಟ್ರು ಅವನ ಬೆನ್ನಿಗೆ ಗುದ್ದಿದರು. "ಎಂಟು ಸೆಕೆಂಡು ಉಳ್ಸಿದೀಯ. ಅಷ್ಟರಲ್ಲಿ ಕ್ರಾಪು ಬಾಚ್ಕಬೋದು."

ನನ್ನ ಫೋನಿನ ಜಿಪಿಎಸ್ ಮಾತ್ರ ದಿನಾ ದೂರವನ್ನು ಕಡಿಮೆ ತೋರಿಸುತ್ತಿತ್ತು. ಮೇಷ್ಟ್ರಿಗೆ ಹೇಳಿದೆ. "ಮಂಜು ಕಣಯ್ಯಾ. ಮೇಲಿಂದ ನೋಡೋನಿಗೆ ನೀನು ಕಾಣ್ಬ್ಯಾಡ್ವಾ?" ಎಂದರು. ನಾನು ನಕ್ಕೆ. ಗಣಿತದ ಮೇಷ್ಟ್ರಾಗಿ ಅದನ್ನು ನಂಬಿದೆ ಎಂದು ಬರೆಯಲು ಈಗ ನಾಚಿಕೆ. ನಂಬಿದೆನೋ, ನಂಬುವುದು ಅನುಕೂಲವಾಗಿತ್ತೋ ಗೊತ್ತಿಲ್ಲ. ತೊಂಬತ್ತೆರಡು ಎಂಬ ಅಂಕಿ ಎಲ್ಲರಿಗೂ ಇಷ್ಟವಾಗಿತ್ತು.

ಮುಂದಿನ ಭಾನುವಾರ ಹಾಸನಕ್ಕೆ, ಹೆಂಡತಿಯ ಅಣ್ಣನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಸ್ಟೇಡಿಯಂನಲ್ಲಿ ನಾಲ್ಕು ಸುತ್ತು ಓಡಿದೆ. ನಮ್ಮೂರಲ್ಲಿ ನನಗೆ ನೂರೈದು ಸೆಕೆಂಡು. ಅಲ್ಲಿ ನೂರೊಂಬತ್ತು, ನೂರಹತ್ತು, ನೂರೊಂಬತ್ತು, ನೂರಹತ್ತು. ಹಿಂದಿನ ರಾತ್ರಿಯ ಹಿತಕವರೆ ಸಾರನ್ನು ದೂರಿದೆ, ಶೂ ದೂರಿದೆ. ಆದರೆ ಸುಸ್ತಾದವನ ಅಂಕಿಗಳು ಕೊನೆಗೆ ಕೆಡುತ್ತವೆ. ಇವು ಮೊದಲಿನಿಂದ ಒಂದೇ ಸಮ ಕೆಟ್ಟಿದ್ದವು.

ಸೋಮವಾರ ಶಾಲೆ ಬಿಟ್ಟ ಮೇಲೆ, ಕಾಂಪೌಂಡು ಕಟ್ಟುವಾಗ ತಂದಿದ್ದ ಉಕ್ಕಿನ ಟೇಪು ಹಿಡಿದು ಒಬ್ಬನೇ ಮೈದಾನಕ್ಕೆ ಹೋದೆ. ಟೇಪಿನ ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿ ಅಳೆದೆ. ಎಂಬತ್ತು ಇರಬೇಕಾದ ನೇರ ಎಪ್ಪತ್ತೇಳಕ್ಕೂ ಬರಲಿಲ್ಲ. ತಿರುವುಗಳೂ ಅದೇ ಪ್ರಮಾಣದಲ್ಲಿ ಚಿಕ್ಕವು. ಪೂರ್ತಿ ಸುತ್ತು ಮುನ್ನೂರ ಎಂಬತ್ತನಾಲ್ಕು. ಅಲ್ಲೇ ಕೂತು ಲೆಕ್ಕ ಹಾಕಿದೆ. ಅವನ ಆರು ಇಪ್ಪತ್ತೆರಡು ನಿಜವಾದ ದೂರಕ್ಕೆ ಆರು ಮೂವತ್ತೆಂಟು ಆಗುತ್ತಿತ್ತು. ಫೇಲು. ಪರೀಕ್ಷೆಗೆ ಮೂರು ವಾರ ಇತ್ತು.

ಮಂಗಳವಾರ ಊಟದ ಬಿಡುವಿನಲ್ಲಿ ಡ್ರಿಲ್ ಮೇಷ್ಟ್ರ ಮನೆಗೆ ಹೋದೆ. ಅವರು ಹಗ್ಗ ತಂದು ರಸ್ತೆಯ ಬಿಸಿಲಲ್ಲಿ ಹಾಸಿದರು. ನನ್ನ ಟೇಪಿನಲ್ಲೇ ಗಂಟು ಸರಿಯಾಗಿ ಎಂಬತ್ತಕ್ಕೆ ಬಂತು. "ಈಗೇನಂತೀಯ?" ಎಂದರು. ನಾನು ಟೇಪಿನ ಅಂಕಿಯನ್ನು ಮತ್ತೆ ಓದಿದೆ. ಅವರ ಹೆಂಡತಿ ಒಗೆಯುವ ಕಲ್ಲಿನ ಹತ್ತಿರ ಬಟ್ಟೆ ಜಾಲಿಸುತ್ತಿದ್ದರು. ಅಲ್ಲಿಂದಲೇ ಹೇಳಿದರು: "ನೆನೆಸಿ ನೋಡ್ರಿ. ಬಟ್ಟೆ ಒಣಗಾಕೋ ಹಗ್ಗ ಮಳೇಲಿ ಬಿಗೀತದಲ್ಲ." ಹಗ್ಗವನ್ನು ಬಕೀಟಿನಲ್ಲಿ ಅದ್ದಿ ತೆಗೆದು ಮತ್ತೆ ಹಾಸಿದೆವು. ಮೂರು ಮೀಟರಿಗೂ ಹೆಚ್ಚು ಕುಗ್ಗಿತ್ತು.

ಸುಣ್ಣ ಕಚ್ಚಲಿ ಎಂದು ಆಯ್ದ ಇಬ್ಬನಿಯೇ ಹಗ್ಗವನ್ನು ಕುಗ್ಗಿಸಿತು. ಕೇಳಿದವರು ಇಲ್ಲಿ ತಲೆದೂಗುತ್ತಾರೆ, ಅದಕ್ಕೇ ನನಗೆ ಇದರ ಮೇಲೆ ಅನುಮಾನ. ಗೂಟ ನೆಡುವಾಗ ಯಾರೋ ಜಗ್ಗಿರಬಹುದು, ಹಳೆಯ ಗುರುತು ನೋಡಿಕೊಂಡು ಎಳೆದಿರಬಹುದು. ಬಕೀಟಿನ ನೀರಿಗೆ ಕುಗ್ಗಿದ್ದನ್ನು ಕಂಡಿದ್ದೇನೆ. ಇಬ್ಬನಿಗೆ ಕುಗ್ಗಿದ್ದನ್ನು ಯಾರೂ ಕಂಡಿಲ್ಲ.

ಮೇಷ್ಟ್ರು ಒದ್ದೆ ಹಗ್ಗ ಹಿಂಡುತ್ತಾ ಹೇಳಿದರು: "ಅವ್ನಿಗೆ ಹೇಳಬ್ಯಾಡ ಕಣಯ್ಯಾ. ಎದೆ ಒಡ್ಕತಾನೆ. ಹಗ್ಗ ಒಣಗಿಸ್ಕಂಡು ಇವತ್ತು ಸಂಜೆಗೇ ಸರಿಯಾಗಿ ಎಳ್ದಾಕ್ತೀನಿ. ಓಡ್ತಾ ಓಡ್ತಾ ಕಾಲು ತಾನಾಗೇ ಹೊಂದ್ಕತವೆ."

ಸ್ಟಾಫ್ ರೂಮಿನಲ್ಲಿ ನಾನು ಹೇಳುವ ಕಥೆಯಲ್ಲಿ ಈ ಮಾತಿಗೆ ಒಪ್ಪುವುದಿಲ್ಲ. ನಿಜವಾಗಿ ಒಪ್ಪದೆ ಇದ್ದದ್ದು ನೆನಪಿಲ್ಲ. ಅವರ ಹೆಂಡತಿ ಕೊಟ್ಟ ಕಾಫಿಗೆ ಸಕ್ಕರೆ ಹಾಕಿದ್ದರು, ಸುಮ್ಮನೆ ಕುಡಿದೆ. ಅದು ನೆನಪಿದೆ.

ಬುಧವಾರ ಅವನು ಮೊದಲ ಸುತ್ತು ಮುಗಿಸಿ ಬಂದ. ಮೇಷ್ಟ್ರು ತೊಂಬತ್ತಾರು ಎಂದರು. ಆಮೇಲೆ ತೊಂಬತ್ತೇಳು, ತೊಂಬತ್ತೆಂಟು. ಮಂಡಿಗೆ ಕೈಯೂರಿ ನಿಂತ. ಬೆನ್ನಿನಿಂದ ಹಬೆ ಏಳುತ್ತಿತ್ತು.

"ಯಾಕ್ ಸಾ ಇಂಗಾಯ್ತದೆ?"

"ಚಳಿ ಕಣ್ಲಾ. ಚಳಿಗೆ ಮೈ ಬಿಗೀತದೆ," ಎಂದರು ಮೇಷ್ಟ್ರು. ಅವನು ನನ್ನ ಮುಖ ನೋಡಿದ. ನಾನು ಹಾಜರಿ ಪುಸ್ತಕ ನೋಡುತ್ತಿದ್ದೆ.

ಗುರುವಾರ ಮೊದಲ ಸುತ್ತಿಗೇ ಜೀವ ಹೋಗುವ ಹಾಗೆ ಓಡಿ, ನಾಲ್ಕನೆಯದಕ್ಕೆ ನೂರ ಎರಡಕ್ಕೆ ಬಿದ್ದು, ಐದನೆಯದಕ್ಕೆ ಗೆರೆಗೆ ಬರಲೇ ಇಲ್ಲ. ಬೈಕಿನ ಕಡೆ ನಡೆದ. ಶುಕ್ರವಾರ ಬರಲಿಲ್ಲ. ಶನಿವಾರವೂ ಇಲ್ಲ. ಶನಿವಾರ ಮಧ್ಯಾಹ್ನ ನಾನು ಅವನ ಹಳ್ಳಿಗೆ ಹೋದೆ.

ಅವನು ಹಿತ್ತಿಲಿನ ನಲ್ಲಿಯಲ್ಲಿ ಹಾಲಿನ ಕ್ಯಾನು ಉಜ್ಜುತ್ತಿದ್ದ. "ಆಗಾಕಿಲ್ಲ ಸಾ. ಮೈಯೇ ಕೆಟ್ಟೋಗದೆ. ಅವ್ವ ರಕ್ತ ಟೆಸ್ಟ್ ಮಾಡ್ಸು ಅಂತವ್ಳೆ."

ಹೇಳಿದೆ. ಹಗ್ಗ, ಟೇಪು, ಬಕೀಟು, ಎಲ್ಲ. ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಅಳತೆ ಯಾವತ್ ಮಾಡುದ್ರಿ?"

"ಸೋಮವಾರ."

"ಇವತ್ತು ಶನಿವಾರ," ಎಂದ. ಕ್ಯಾನನ್ನು ಬಿಸಿಲಿಗೆ ಬೋರಲು ಹಾಕಿದ. ಒಳಗೆ ಹೋಗಿ ನನಗೆ ನೀರು ತಂದುಕೊಟ್ಟ. "ಟೈಮ್ ಗೊತ್ತಿದ್ರೆ ಓಡ್ಬೋದು ಸಾ. ಮೈ ಸರಿಯಿಲ್ಲ ಅನ್ಕಂಡು ಎಂಗ್ ಓಡಾದು?" ನಾನು ನೀರು ಕುಡಿದೆ. "ಓಗ್ಲಿ ಬುಡಿ. ಎಷ್ಟು ದಿನ ಉಳೀತು?"

"ಹದಿನಾರು."

ಮರುದಿನ ಬೆಳಿಗ್ಗೆ ಬಂದ. ಓಡುವ ಮೊದಲು ಟೇಪು ಕೇಳಿದ. ಒಂದು ತುದಿಯನ್ನು ಡ್ರಿಲ್ ಮೇಷ್ಟ್ರ ಕೈಗೆ ಕೊಟ್ಟು, "ಇಡ್ಕಳಿ ಸಾ, ಬುಡಬ್ಯಾಡಿ," ಎಂದು ಹೇಳಿ, ಮಂಜಿನೊಳಗೆ ನಡೆದುಹೋದ. ಮೇಷ್ಟ್ರು ಬಗ್ಗಿ ಆ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು ಕೂತೇ ಇದ್ದರು. ಉಳಿದ ಅಷ್ಟು ದಿನವೂ ಅವನು ಬಂದ. ಕೊನೆಯ ವಾರ ಸುತ್ತುಗಳು ತೊಂಬತ್ತಾರಕ್ಕೆ ಇಳಿದು ನಿಂತವು.

ಹಾಸನದಲ್ಲಿ ಕಾಲಿಗೆ ಚಿಪ್ ಕಟ್ಟಿ ಓಡಿಸಿದರು. ನಮ್ಮನ್ನು ಒಳಗೆ ಬಿಡಲಿಲ್ಲ. ಗೇಟಿನ ಹೊರಗೆ ಟೀ ಅಂಗಡಿಯಲ್ಲಿ ಮೇಷ್ಟ್ರೂ ನಾನೂ ನಿಂತಿದ್ದೆವು. ಶೂ ಕೈಯಲ್ಲಿ ಹಿಡಿದು ಬಂದ. "ಆರು ಮೂವತ್ಮೂರು," ಎಂದ. ಮೇಷ್ಟ್ರು ಅವನಿಗೂ ಒಂದು ಟೀ ಹೇಳಿದರು. ಮೂರು ಸೆಕೆಂಡು ಹೆಚ್ಚು.

ಯಾಕೆ ಎಂದು ಅವನನ್ನು ಬೇರೆ ಬೇರೆ ಸಲ ಕೇಳಿದ್ದೇನೆ. ಮುಂದಿನವನು ದಾರಿ ಕೊಡಲಿಲ್ಲ ಎಂದಿದ್ದಾನೆ. ಮೊದಲ ಸುತ್ತು ನಿಧಾನ ಮಾಡಿದೆ ಎಂದಿದ್ದಾನೆ. ಒಮ್ಮೆ ಹೊಟ್ಟೆ ಹಿಡಿಯಿತು ಎಂದ. ಸೋಮವಾರದಿಂದ ಶನಿವಾರದವರೆಗಿನ ದಿನಗಳ ಹೆಸರು ಎತ್ತಿಲ್ಲ. ಆ ದಿನಗಳು ಇದ್ದಿದ್ದರೆ ಮೂರು ಸೆಕೆಂಡು ಸಿಗುತ್ತಿತ್ತೇ ಎಂದು ನಾನು ಹಲವು ರೀತಿ ಲೆಕ್ಕ ಹಾಕಿದ್ದೇನೆ. ಒಂದು ರೀತಿಯಲ್ಲಿ ಸಿಗುತ್ತದೆ.

ಈಗ ಅವನು ಪಶು ಆಹಾರದ ಅಂಗಡಿ ನೋಡಿಕೊಳ್ಳುತ್ತಾನೆ. ಚಳಿಗಾಲದ ಭಾನುವಾರಗಳಲ್ಲಿ ಓಡಲು ಬರುತ್ತಾನೆ, ಯಾವ ಪರೀಕ್ಷೆಯೂ ಇಲ್ಲದೆ. ಮೇಷ್ಟ್ರು ಈಗಲೂ ಇಬ್ಬನಿಯಲ್ಲೇ ಸುಣ್ಣ ಹಾಕುತ್ತಾರೆ, ಅಳತೆ ಮಾತ್ರ ಟೇಪಿನದು. ಕಳೆದ ತಿಂಗಳು ನಡಿಗೆಯ ಒಂದೂವರೆ ನಿಮಿಷದಲ್ಲಿ ನಾನೇ ಬಾಯಿಬಿಟ್ಟೆ: "ಆ ಐದು ದಿನ ನಾನು ಸುಮ್ಮನಿರಬಾರದಿತ್ತು ಕಣೋ."

"ಐದೆಲ್ಲಿ ಸಾ? ಬುಧವಾರದ ಓಟ ಮುಗೀತಿದ್ದಂಗೇ ನೀವು ಹೇಳ್ಬುಟ್ರಲ್ಲ," ಎಂದ.

ಹಾಜರಿ ಪುಸ್ತಕ ನನ್ನ ಚೀಲದಲ್ಲೇ ಇತ್ತು. ಗುರುವಾರದ ನೂರ ಎರಡು ಅದರಲ್ಲಿದೆ, ಶುಕ್ರವಾರ ಶನಿವಾರದ ಖಾಲಿ ಸಾಲುಗಳೂ ಇವೆ. ತೆಗೆದು ಅವನ ಕೈಗೆ ಕೊಟ್ಟೆ. ಅವನು ಬೆರಳಿನಿಂದ ಸಾಲು ಹಿಡಿದು ಓದಿದ, ಮುಚ್ಚಿದ, ವಾಪಸು ಕೊಟ್ಟ.

"ಗೊತ್ತು ಸಾ. ಶನಿವಾರ," ಎಂದ. ಅಷ್ಟರಲ್ಲಿ ಒಂದೂವರೆ ನಿಮಿಷ ಆಗಿತ್ತು. ಮೇಷ್ಟ್ರು ಸೀಟಿ ಊದಿದರು.