ಎನ್ಸಿಯೊನ ಶನಿವಾರದ ವರದಿ

ನನ್ನ ತಮ್ಮ ಎನ್ಸಿಯೊ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಮನುಷ್ಯ. ಕೇಳದೇ ಇದ್ದದ್ದನ್ನು ಅವನ ಬಾಯಿಂದ ಹೊರಡಿಸಲು ನಮ್ಮಮ್ಮನಿಂದ ಆಗಲಿಲ್ಲ, ಸೈನ್ಯದಲ್ಲಿ ಅವನ ಮೇಲಿನವರಿಂದಲೂ ಆಗಲಿಲ್ಲ. ಹೆಂಡತಿ ತೈಮಿಯಿಂದ ಆಗುತ್ತಿತ್ತೋ ಏನೋ. ಅವಳು ತೀರಿಕೊಂಡು ಈ ಫೆಬ್ರವರಿಗೆ ಹದಿನಾರು ತಿಂಗಳು. ಮಕ್ಕಳಿಲ್ಲ. ನುರ್ಮೆಸ್‌ನಿಂದ ಆಚೆ ಸರೋವರದ ದಡದಲ್ಲಿ ದಾರಿ ಮುಗಿಯುವ ಕಡೆ ಇರುವ ಕೊನೆಯ ಮನೆ ಅವನದು.

ಡಿಸೆಂಬರ್ ಮೊದಲಲ್ಲಿ ಅವನಾಗಿಯೇ ಫೋನು ಮಾಡಿದ. ಅವನಾಗಿಯೇ ಮಾಡಿದನೆಂದರೆ ಮನೆಗೆ ಬೆಂಕಿ ಬಿದ್ದಿರಬೇಕು ಎಂದುಕೊಂಡೆ.

"ಇರ್ಯಾ ಅಕ್ಕಾ, ಕಂಪ್ಯೂಟರ್ ಆರಿಹೋಗ್ತಿದೆ."

"ಯಾವಾಗ?"

"ವರದಿ ಕಳಿಸುವಾಗ."

ಆ ವರದಿಯ ವಿಷಯ ಹೇಳಬೇಕು. ನಮ್ಮಪ್ಪ ಶುರು ಮಾಡಿದ ಕೆಲಸ ಅದು. ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ, ಸರೋವರದ ನೀರಿನ ಮಟ್ಟ ನೋಡುವುದು. ಚಳಿಗಾಲದಲ್ಲಿ ಮಂಜುಗಡ್ಡೆ ಕೊರೆದು ಅದರ ದಪ್ಪ, ಮೇಲಿನ ಹಿಮದ ಆಳ ಅಳೆದು ಸರ್ಕಾರದ ಜಲ ಇಲಾಖೆಗೆ ತಿಳಿಸುವುದು. ಅಪ್ಪ ಕಾರ್ಡಿನಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದರು. ಅವರು ತೀರಿಕೊಂಡ ಮೇಲೆ ಎನ್ಸಿಯೊ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅದನ್ನು ವಹಿಸಿಕೊಂಡ. ಮರದ ದಿಮ್ಮಿಯ ಲಾರಿ ಓಡಿಸಿ ನಿವೃತ್ತನಾದರೂ ಇದರಿಂದ ನಿವೃತ್ತನಾಗಲಿಲ್ಲ. ಅಳತೆಯನ್ನು ಒಂದು ಶನಿವಾರವೂ ತಪ್ಪಿಸಿದವನಲ್ಲ. ತೈಮಿಯ ಶವಸಂಸ್ಕಾರ ಶನಿವಾರವೇ ಇತ್ತು. ಚರ್ಚಿನಿಂದ ಬಂದವನು ಕರಿ ಕೋಟಿನಲ್ಲೇ ದಡಕ್ಕೆ ಇಳಿದು ಅಳತೆಗೋಲು ನೋಡಿ ಬಂದ. ಕಾಫಿಗೆ ಕೂತಿದ್ದವರು ಮುಖ ಮುಖ ನೋಡಿಕೊಂಡರು. ನನಗೆ ಸಿಟ್ಟು ಬಂತು, ಅವನ ಮೇಲಲ್ಲ, ಅವರ ಮೇಲೆ.

ಈಗ ಇಲಾಖೆಯವರಿಗೆ ಫೋನಿನಲ್ಲಿ ಹೇಳಿದರೆ ಆಗದು, ಕಂಪ್ಯೂಟರಿನಲ್ಲೇ ತುಂಬಿ ಕಳಿಸಬೇಕು, ಅದೂ ಶನಿವಾರ ಸಂಜೆ ಏಳರೊಳಗೆ. ಜನವರಿಯಲ್ಲಿ ಅವನಿಗೊಂದು ಕಾಗದ ಬಂತು. ಏಳು ವಾರದ ವರದಿ ಬಂದಿಲ್ಲ, ಇನ್ನು ಎರಡು ತಪ್ಪಿದರೆ ನೀರಿಗೆ ತಾನೇ ಅಳೆಯುವ ಯಂತ್ರ ಇಳಿಸುತ್ತೇವೆ, ಇಷ್ಟು ದಿನದ ಸೇವೆಗೆ ಧನ್ಯವಾದ. ಆ ಕಾಗದವನ್ನು ಅವನು ಬ್ರೆಡ್ಡಿನ ಡಬ್ಬಿಯ ಕೆಳಗೆ ಇಟ್ಟಿದ್ದ. ಅವನಿಗೆ ವಾರದಲ್ಲಿ ಬೇರೆ ಕೆಲಸವಿಲ್ಲ, ಅವನನ್ನು ಕಾಯುವ ಬೇರೆ ಜನವೂ ಇಲ್ಲ. ಅದು ಹೋದರೆ ಅವನು ಬೆಳಿಗ್ಗೆ ಏಳುವುದು ಯಾಕೆ ಎಂದು ನನಗೆ ಹೆದರಿಕೆಯಾಯಿತು.

ನಾನು ಯೋಯೆನ್ಸೂ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ರಿಪೇರಿ ಕೆಲಸ ಮಾಡಿದವಳು. ಒಂದು ಮನೆ ಕಂಪ್ಯೂಟರ್ ಯಾವ ಲೆಕ್ಕ ಅಂದುಕೊಂಡೆ. ಭಾನುವಾರ ಎರಡು ಗಂಟೆ ಕಾರು ಓಡಿಸಿಕೊಂಡು ಹೋಗಿ ಅದರ ಹೊಟ್ಟೆ ತೆರೆದು ಧೂಳು ಊದಿದೆ, ಫ್ಯಾನು ಒರೆಸಿದೆ. ದಿನವಿಡೀ ಓಡಿತು. ಮುಂದಿನ ವಾರ ಮತ್ತೆ ಫೋನು.

"ಆರಿತು."

"ಏನ್ ಮಾಡ್ತೀಯೋ ಅದಕ್ಕೆ, ಒದೀತೀಯಾ?"

"ಇಲ್ಲ."

ಇನ್ನೊಂದು ಭಾನುವಾರ ಮೆಮೊರಿ ಬದಲಿಸಿದೆ. ಮತ್ತೊಂದು ಭಾನುವಾರ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದೆ. ನನ್ನೆದುರು ಅದು ಹಸುವಿನಂತೆ ಸಾಧುವಾಗಿರುತ್ತಿತ್ತು. ನಾನು ಬೈಯುತ್ತ ಕೆಲಸ ಮಾಡಿದೆ, ಅವನು ರೈ ಹಿಟ್ಟಿನ ಕಡುಬು ಬಿಸಿ ಮಾಡಿ ಮುಂದಿಟ್ಟು ಸುಮ್ಮನೆ ಕೂತ. ಆ ಮನೆಯಲ್ಲಿ ಗಡಿಯಾರ ಬಿಟ್ಟರೆ ಮಾತಾಡುತ್ತಿದ್ದವಳು ನಾನೊಬ್ಬಳೇ.

ನಾಲ್ಕನೆಯ ಸಲ ಹೋದಾಗ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಕಂಪ್ಯೂಟರ್ ತಾನು ಯಾವಾಗ ಏಕಾಏಕಿ ಆರಿತೆಂದು ಒಳಗೇ ಬರೆದಿಟ್ಟುಕೊಂಡಿರುತ್ತದೆ. ತೆಗೆದು ನೋಡಿದರೆ ಐದು ಗಂಟೆ ಮೂರು ನಿಮಿಷ, ಐದೂ ಇಪ್ಪತ್ತು, ಆರಕ್ಕೆ ಇನ್ನೈದು ನಿಮಿಷ. ಎಲ್ಲವೂ ಶನಿವಾರ. ಮೂರು ಭಾನುವಾರ ಹಾಳು ಮಾಡಿಕೊಂಡ ನನ್ನ ಬುದ್ಧಿಗಿಷ್ಟು ಎಂದು ಹಣೆ ಚಚ್ಚಿಕೊಂಡೆ.

"ಶನಿವಾರ ಐದಕ್ಕೆ ಏನಾದ್ರೂ ದೊಡ್ಡದು ಹಾಕ್ತೀಯಾ? ಓವನ್ನು?"

"ಓವನ್ ಹಾಕಲ್ಲ."

"ಸೌನಾಗೆ ಹೋಗ್ತೀಯಾ?"

"ತೈಮಿ ಹೋದ್ಮೇಲೆ ನಾನು ಸೌನಾಗೆ ಹೋಗಿಲ್ಲ."

ಸೌನಾ ಎಂದರೆ ನಮ್ಮ ಮನೆಗಳಲ್ಲಿರುವ ಹಬೆಸ್ನಾನದ ಕೋಣೆ, ಕರೆಂಟಿನ ಒಲೆಯ ಮೇಲೆ ಕಲ್ಲು ಕಾಯಿಸಿ ನೀರು ಸುರಿದು ಆ ಹಬೆಯಲ್ಲಿ ಕೂರುವುದು. ನಮ್ಮಲ್ಲಿ ಒಬ್ಬ ಗಂಡಸು ಹದಿನೈದು ಹದಿನಾರು ತಿಂಗಳು ಸೌನಾದ ಹಬೆ ಕಾಣದೆ ಬರೀ ಷವರಿನ ಕೆಳಗೆ ನಿಂತು ಬರುತ್ತಾನೆಂದರೆ ಅದು ಡಾಕ್ಟರಿಗೆ ಹೇಳಬೇಕಾದ ವಿಷಯ. ಮುಂದೆ ಕೇಳುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಇನ್ನೊಂದು ವರದಿ ತಪ್ಪಿತ್ತು. ಉಳಿದದ್ದು ಒಂದೇ. ನಾನು ಶನಿವಾರವೇ ಹೋಗಬೇಕಿತ್ತು, ಇಷ್ಟು ದಿನ ಹೋಗದೇ ಇದ್ದದ್ದಕ್ಕೆ ಕಾರಣ ಹೇಳಲು ನಾಚಿಕೆ. ನಮ್ಮ ವಠಾರದ ಸೌನಾದಲ್ಲಿ ಶನಿವಾರ ಐದರಿಂದ ಆರು ನನ್ನ ಸರದಿ. ಆ ಗಂಟೆಗಾಗಿ ಹನ್ನೊಂದು ವರ್ಷ ಪಟ್ಟಿಯಲ್ಲಿ ಕಾದಿದ್ದೇನೆ. ಒಬ್ಬಳೇ ಹೋಗುತ್ತೇನೆ, ಒಬ್ಬಳೇ ಬರುತ್ತೇನೆ, ಆದರೂ ಬಿಟ್ಟುಕೊಟ್ಟವಳಲ್ಲ. ಈ ಸಲ ಎದುರು ಮನೆಯವಳಿಗೆ ಕೊಟ್ಟೆ. ಅವಳು ನನ್ನ ಮುಖ ನೋಡಿ, "ಯಾರು ಹೋಗ್ಬಿಟ್ರು?" ಅಂತ ಕೇಳಿದಳು.

ನಾನು ತಲುಪಿದಾಗ ನಾಲ್ಕೂವರೆ. ಎನ್ಸಿಯೊ ಬಾಗಿಲಲ್ಲೇ ನಿಂತ.

"ಇವತ್ತು ಶನಿವಾರ."

"ಗೊತ್ತು. ಒಳಗೆ ಬಿಡ್ತೀಯೋ, ಇಲ್ಲೇ ಹೆಪ್ಪುಗಟ್ಲೋ?"

ಬಿಟ್ಟ, ಆದರೆ ಮುಖ ಸಪ್ಪಗಿತ್ತು. ಮಂಜುಗಡ್ಡೆ ನಲವತ್ತೇಳು ಸೆಂಟಿಮೀಟರ್ ಎಂದು ಚೀಟಿಯಲ್ಲಿ ಬರೆದುಕೊಂಡಿದ್ದ. ಈಗಲೇ ಕಳಿಸು ಎಂದರೆ ಐದಾಗಲಿ ಎಂದ. ನಾನು ಕಂಪ್ಯೂಟರಿನ ಪಕ್ಕದ ಸಾಕೆಟ್ಟಿಗೆ ನನ್ನ ಹಳೆಯ ವೋಲ್ಟ್ ಮೀಟರು ಸಿಕ್ಕಿಸಿ ಕೂತೆ. ಐದು ಹೊಡೆಯಿತು. ಅವನು ಎದ್ದು ಹಜಾರದ ಕೊನೆಗೆ ಹೋಗಿ ಬಂದು ಟೈಪು ಮಾಡಲು ಕೂತ. ಎರಡು ನಿಮಿಷ ಆಗಿರಬೇಕು. ಮೀಟರಿನ ಮುಳ್ಳು ಇನ್ನೂರಿಪ್ಪತ್ತರಿಂದ ನೂರ ಅರವತ್ತಕ್ಕೆ ಕುಸಿಯಿತು, ಪರದೆ ಕಪ್ಪಾಯಿತು.

ಎದ್ದು ಹಜಾರದ ಕೊನೆಗೆ ನಡೆದೆ. ಸೌನಾದ ಕೆಂಪು ದೀಪ ಉರಿಯುತ್ತಿತ್ತು. ಒಲೆಯ ಮೇಲಿನ ಕಲ್ಲುಗಳು ಬೆಚ್ಚಗಾಗತೊಡಗಿದ್ದವು. ಹೊರಗಿನ ಬೆಂಚಿನ ಮೇಲೆ ಮಡಿಸಿದ ಎರಡು ಟವೆಲ್ಲು, ಒಂದು ಅವನದು, ಒಂದು ಹಳದಿ ಅಂಚಿನದು.

ನನಗೆ ರೇಗಿತು. "ಸೌನಾ ಹಾಕಲ್ಲ ಅಂದೆಯಲ್ಲೋ!"

"ಹೋಗಲ್ಲ ಅಂದೆ. ಹಾಕಲ್ಲ ಅನ್ನಲಿಲ್ಲ. ನೀನು ಅದನ್ನ ಕೇಳಲಿಲ್ಲ."

"ಹೋಗದೇ ಇರೋನು ಯಾಕೆ ಹಾಕ್ತೀಯ?"

 ಈ ಸಲ ಅವನು ಕೇಳಿದ್ದಕ್ಕಿಂತ ಹೆಚ್ಚು ಹೇಳಿದ.

"ಯಾವಾಗ್ಲೂ ತೈಮಿ ಮೊದಲು ಹೋಗೋಳು. ನಾನು ಒಲೆ ಹಾಕಿ, ವರದಿ ಕಳಿಸ್ತಾ ಕೂರ್ತಿದ್ದೆ. ಅವಳು ಹೊರಗೆ ಬಂದು ಖಾಲಿ ಆಯ್ತು ಅಂತ ಕೂಗಿದ್ಮೇಲೆ ನನ್ನ ಸರದಿ. ಈಗಲೂ ಹಾಕ್ತೀನಿ. ಕೂತಿರ್ತೀನಿ. ಯಾರೂ ಕೂಗಲ್ಲ. ಎಂಟಕ್ಕೆ ಆರಿಸ್ತೀನಿ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಸಿಟ್ಟು ಎಲ್ಲಿ ಹೋಯಿತೋ. ಎದ್ದು ಫ್ಯೂಸ್ ಪೆಟ್ಟಿಗೆ ತೆರೆದು ನೋಡಿ ಬಂದು ತಗ್ಗಿದ ದನಿಯಲ್ಲಿ ವಿವರಿಸಿದೆ. ಮನೆಗೆ ಕರೆಂಟು ಮೂರು ತಂತಿಯಲ್ಲಿ ಬರುತ್ತದೆ, ಒಂದರ ಜೋಡಣೆ ಈ ಚಳಿಗಾಲ ಸುಟ್ಟು ಸಡಿಲವಾಗಿದೆ, ಒಲೆ ಜೋರಾಗಿ ಎಳೆದಾಗ ಆ ತಂತಿಯಲ್ಲಿರುವ ಕಂಪ್ಯೂಟರ್ ಸಾಯುತ್ತದೆ. ಬೆಂಕಿ ಹತ್ತುವ ಅಪಾಯವಿದೆ, ಸೋಮವಾರ ಎಲೆಕ್ಟ್ರಿಷಿಯನ್ ಬಂದು ಸರಿ ಮಾಡಲೇಬೇಕು.

"ಇವತ್ತು ಒಂದು ದಿನ ಒಲೆ ಆರಿಸು. ವರದಿ ಹೋಗಲಿ."

"ಬೇಡ."

"ಹೋಗ್ಲಿಲ್ಲ ಅಂದ್ರೆ ನೀರಿಗೆ ಯಂತ್ರ ಇಳಿಸ್ತಾರೆ ಕಣೋ. ಅಪ್ಪನ ಕೆಲಸ."

"ಇಳಿಸ್ಲಿ. ಅಪ್ಪನ ಹತ್ರ ನಾನು ಮಾತಾಡ್ಕೋತೀನಿ."

ತಮಾಷೆಗೆ ಹೇಳಿದನೋ ನಿಜವಾಗಿ ಹೇಳಿದನೋ ತಿಳಿಯಲಿಲ್ಲ.  ನಾನು ವಾದಕ್ಕೆ ಹೋಗಲಿಲ್ಲ. ಅಡುಗೆಮನೆಯ ಸಾಕೆಟ್ಟು ಬೇರೆ ತಂತಿಯದು. ಒಲೆಯ ಗುಂಡಿಯನ್ನು ತೀರಾ ಕೆಳಕ್ಕೆ ತಿರುಗಿಸಿ, ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟು ಬಿಸಿ ಎಷ್ಟೆಂದು ನೋಡಿ, ಒಂದು ಸಂಜೆ ತಾಳೀತು ಎಂದು ಧೈರ್ಯ ತಂದುಕೊಂಡೆ. ಇಬ್ಬರೂ ಕಂಪ್ಯೂಟರನ್ನು ಎತ್ತಿ ಊಟದ ಮೇಜಿಗೆ ಸಾಗಿಸಿದೆವು. ಅವನು ಒಂದೊಂದೇ ಅಂಕಿ ಒತ್ತಿದ. ಆರೂ ಹತ್ತಕ್ಕೆ ವರದಿ ತಲುಪಿತೆಂದು ಉತ್ತರ ಬಂತು. ಅವನು ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ, ಅಷ್ಟೇ.

ಆಮೇಲೆ ನಾನು ಸೌನಾದ ಒಳಗೆ ಹೋದೆ. ಹಳದಿ ಅಂಚಿನ ಟವೆಲ್ಲು ಮುಟ್ಟಲಿಲ್ಲ, ಬೀರುವಿನಿಂದ ಬೇರೆ ತೆಗೆದುಕೊಂಡೆ. ಮೇಲಿನ ಹಲಗೆಯ ಮೇಲೆ ಕೂತು ಕಲ್ಲಿಗೆ ನೀರು ಸುರಿದೆ. ನನ್ನ ವಠಾರದಲ್ಲಿ ನನ್ನ ಗಂಟೆ ಮುಗಿದಾಗ ಮುಂದಿನ ಸರದಿಯವರು ಬಾಗಿಲು ತಟ್ಟುತ್ತಾರೆ, ಅವರ ಹೆಸರೂ ನನಗೆ ಸರಿಯಾಗಿ ಗೊತ್ತಿಲ್ಲ. ಇಲ್ಲಿ ಒಬ್ಬ ಗಂಡಸು ಹದಿನಾರು ತಿಂಗಳಿಂದ ಕೂಗಿಗಾಗಿ ಕಿವಿಗೊಟ್ಟು ಕೂತಿದ್ದಾನೆ. ಯಾರು ಹೆಚ್ಚು ಒಂಟಿ ಎಂದು ಯೋಚಿಸಿ ನನಗೆ ದುಃಖ ಒತ್ತರಿಸಿತು.

ಬಟ್ಟೆ ಹಾಕಿಕೊಂಡು ಹೊರಬಂದೆ. ಹಜಾರದಲ್ಲೇ ನಿಂತು ಕೂಗಿದೆ.

"ಎನ್ಸಿಯೊ. ಖಾಲಿ ಆಯ್ತು."

ಕುರ್ಚಿ ಅಲುಗಲಿಲ್ಲ.  ಬಹಳ ಹೊತ್ತಿನ ಮೇಲೆ ಎದ್ದು ಬಂದ.

"ಅವಳು ಇಷ್ಟು ಬೇಗ ಬರ್ತಿರಲಿಲ್ಲ," ಎಂದು ಹೇಳಿ, ತನ್ನ ಟವೆಲ್ಲು ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ನಾನು ಅಡುಗೆಮನೆಯಲ್ಲಿ ಕಾದೆ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಕಲ್ಲಿನ ಮೇಲೆ ನೀರು ಬಿದ್ದು ಚುಸ್ಸೆಂದಿತು. ಅದರ ಹಿಂದೆಯೇ ಅವನು ಅಳುವುದು ಕೇಳಿಸಿತು, ಶವಸಂಸ್ಕಾರದ ದಿನ ಕೂಡ ಅಳದಿದ್ದವನು. ನನಗೆ ಕೇಳಿಸಿದೆ ಎಂದು ಅವನಿಗೆ ಗೊತ್ತಾಗಬಾರದೆಂದು ನಲ್ಲಿಯನ್ನು ಜೋರಾಗಿ ಬಿಟ್ಟೆ, ತೊಳೆದಿಟ್ಟಿದ್ದ ಕಪ್ಪುಗಳನ್ನೇ ಮತ್ತೆ ತೊಳೆಯುತ್ತ ನಿಂತೆ.