ಆರದ ಬ್ಯಾಟರಿ

ಅಂಗಡಿಯ ಗಾಜಿನ ಪೆಟ್ಟಿಗೆಯೊಳಗೆ ಹೊಸ ಬ್ಯಾಟರಿ ಕಂಡರೆ ಸಾಕು, ನನ್ನ ಬಲಗೈ ಹೆಬ್ಬೆರಳು ತಾನಾಗಿಯೇ ಮುಂದಕ್ಕೆ ಸರಿಯುತ್ತದೆ. ಕೈಯಲ್ಲಿ ಏನೂ ಇರುವುದಿಲ್ಲ. ಆದರೂ ಗುಂಡಿ ನೂಕಿದ ಹಾಗೆ ಬೆರಳು ಆಡುತ್ತದೆ. ಕಂಡವರು ವಾಯುವಿನ ತೊಂದರೆ ಇರಬೇಕು, ವಯಸ್ಸಾಯಿತಲ್ಲ ಎಂದುಕೊಳ್ಳುತ್ತಾರೆ. ನಾನೂ ಹೌದೆನ್ನುತ್ತೇನೆ. ಚಟ ಎಂದು ಒಪ್ಪಿಕೊಳ್ಳುವುದಕ್ಕಿಂತ ವಾಯು ಎನ್ನುವುದು ಮರ್ಯಾದೆಯ ಮಾತು.

ದೊಡ್ಡ ಊರಿನವರು ಟಾರ್ಚು ಎನ್ನುವುದನ್ನು ಆಳಂದದ ಕಡೆಯ ನಾವು ಬ್ಯಾಟರಿ ಎನ್ನುತ್ತೇವೆ. ಅದರ ಹೊಟ್ಟೆಗೆ ಹಾಕುವುದು ಸೆಲ್ಲು. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಇಸ್ಪೀಟು, ನನಗೆ ಬ್ಯಾಟರಿ. ಮೈ ಚಿಕ್ಕದಿರಬೇಕು, ಬೆಳಕು ದೊಡ್ಡದಿರಬೇಕು, ಬೇಕೆಂದಾಗ ಕೈಕೊಡಬಾರದು. ಇಂಥದೊಂದಕ್ಕಾಗಿ ಅರ್ಧ ಆಯುಷ್ಯ ಅಲೆದೆ. ಸಿಕ್ಕಿತು ಕೂಡ. ಸಿಕ್ಕ ಮರುದಿನವೇ ಅದು ನನ್ನ ಹೆಂಡತಿಯ ತಮ್ಮ ಶರಣಪ್ಪನ ಜೀವಕ್ಕೆ ಬಂತು. ಅದು ಮನೆಮಂದಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಅದರೊಳಗೆ ಇನ್ನೊಂದು ಸಣ್ಣ ಸಂಗತಿ ಇದೆ. ಅದು ಬಹಳ ದಿನ ನನಗೊಬ್ಬನಿಗೇ ಗೊತ್ತಿತ್ತು. ಇವತ್ತು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ಆದರೆ ಬ್ಯಾಟರಿಯ ಮಾತು ಶುರುವಾದ ಮೇಲೆ ನೇರವಾಗಿ ತಪ್ಪಿನ ಕಡೆಗೆ ನಡೆದುಬಿಡುವುದು ನನ್ನಿಂದಾಗದು. ಸ್ವಲ್ಪ ಸುತ್ತು ಹಾಕಲು ಬಿಡಿ.

ನಮ್ಮ ಕಾಲದಲ್ಲಿ ಅಳಿಯನಿಗೆ ವಾಚು, ಸೈಕಲ್ಲು, ಬ್ಯಾಟರಿ ಕೊಟ್ಟರೆ ಮದುವೆ ಚೆನ್ನಾಗಿ ಆಯಿತೆಂದು ಅರ್ಥ. ಯಡ್ರಾಮಿಯ ಕಡೆಯವರಾದ ನನ್ನ ಮಾವನವರು ವಾಚು ಕೊಡಲಿಲ್ಲ, ಸೈಕಲ್ಲು ಕೊಡಲಿಲ್ಲ. ಮೂರು ಸೆಲ್ಲಿನ, ಒನಕೆಯ ತುಂಡಿನಂಥ ಬ್ಯಾಟರಿ ಕೊಟ್ಟರು. ಅದನ್ನು ಹಿಡಿದು ನಡೆದರೆ ನಾಯಿಗಳು ದೂರ ಸರಿಯುತ್ತಿದ್ದವು. ಬೆಳಕಿಗೋ ಉದ್ದಕ್ಕೋ ಗೊತ್ತಾಗುತ್ತಿರಲಿಲ್ಲ. ಆದರೆ ಅದು ಜೇಬಿಗೆ ಹೋಗುತ್ತಿರಲಿಲ್ಲ. ಬಗಲಲ್ಲಿ ಇಟ್ಟುಕೊಂಡರೆ ಜ್ವರ ನೋಡಿಕೊಳ್ಳುವವನ ಹಾಗೆ ಕಾಣುತ್ತಿದ್ದೆ.

ಆಮೇಲೆ ಅಫಜಲಪುರದಲ್ಲಿ ಎರಡು ಸೆಲ್ಲಿನದೊಂದು ಕೊಂಡೆ. ಅದು ಹೊಡೆತ ತಿನ್ನದೆ ಹತ್ತುತ್ತಿರಲಿಲ್ಲ. ಇದೇನೂ ಹೊಸದಲ್ಲ. ನಮ್ಮ ಊರಿನಲ್ಲಿ ಪ್ರತಿ ಬ್ಯಾಟರಿಗೂ ಅದರದೇ ಹೊಡೆತವಿತ್ತು: ಒಂದನ್ನು ಅಂಗೈಗೆ ಬಡಿಯಬೇಕು, ಇನ್ನೊಂದನ್ನು ತೊಡೆಗೆ, ಮತ್ತೊಂದರ ಬೆನ್ನಿಗೆ ಮೆಲ್ಲಗೆ ತಟ್ಟಿ ಸಮಾಧಾನ ಮಾಡಬೇಕು. ಬೆಳಕು ಕಾಣುವ ಮೊದಲೇ ಬಡಿತದ ಸಪ್ಪಳದಿಂದ ಬರುತ್ತಿರುವವರು ಯಾರೆಂದು ಹೇಳಿಬಿಡುತ್ತಿದ್ದೆವು. ಸೆಲ್ಲುಗಳ ಆರೈಕೆ ಬೇರೆ. ಜೀವ ಕಡಿಮೆಯಾದ ಸೆಲ್ಲುಗಳನ್ನು ನಾನು ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದೆ. ಹೆಂಡತಿ ನಾಗಮ್ಮ ಅಲ್ಲೇ ಸಂಡಿಗೆ ಹಾಕುತ್ತಿದ್ದಳು.

“ಸಂಡಿಗಿ ಜೋಡಿ ಸೆಲ್ಲ ಒಣಗಿಸ್ತೀರಿ. ಒಂದಿನ ಎರಡೂ ಕೂಡೇ ಕರದ ಹಾಕ್ತೇನಿ ನೋಡ್ರಿ,” ಎನ್ನುತ್ತಿದ್ದಳು.

“ಕರಿ, ಹೊಟ್ಟಿಯೊಳಗ ಬೆಳಕರ ಆಗ್ತದ,” ಎನ್ನುತ್ತಿದ್ದೆ.

ಹೀಗಿರುವಾಗ ಒಂದು ಬೇಸಿಗೆಯ ಕೊನೆಯಲ್ಲಿ ಆಳಂದದ ರಸೂಲಸಾಬರ ಅಂಗಡಿಗೆ ಹೋದೆ. ವಾಚು, ರೇಡಿಯೋ ರಿಪೇರಿ ಮಾಡುತ್ತ ಬ್ಯಾಟರಿಯನ್ನೂ ಮಾರುವವರು ಅವರು. ನಾನು ಗೌಡನಲ್ಲ, ಆದರೆ ಅಂಗಡಿಯ ಮೆಟ್ಟಿಲು ಹತ್ತಿದವರೆಲ್ಲ ಅವರಿಗೆ ಗೌಡರೇ.

“ಬರ್ರಿ ಗೌಡ್ರ, ನಿಮ್ಮ ಹಾದೀನೇ ನೋಡಾಕತ್ತಿದ್ದೆ. ಖಜೂರಿ ಗಡಿ ಮ್ಯಾಲಿಂದ ಲಾರಿಯಾಗ ಮಾಲ್ ಬಂದದ. ಬಂಬೈ ಮಾಲ್!”

“ಹೋದ ಸಲಾನೂ ಬಂಬೈ ಅಂದಿದ್ರಿ. ಮನಿ ಮುಟ್ಟೂದ್ರಾಗ ಕಣ್ಣ ಮುಚ್ಚಿತು.”

“ತೌಬಾ! ಅದು ಸೋಲಾಪುರದ್ದು ಅಂತ ಹೇಳೇ ಕೊಟ್ಟಿದ್ದೆ. ಸೋಲಾಪುರದಾಗ ಚಾದರ ತಗೋಬೇಕ್ರಿ, ಬ್ಯಾಟ್ರಿ ಅಲ್ಲ. ಇದನ್ನ ಹಿಡೀರಿ.”

ಹಿಡಿದೆ. ಅಂಗೈಯಷ್ಟೇ ಉದ್ದ, ಮುಷ್ಟಿ ಮಾಡಿದರೆ ಒಳಗೇ ಅಡಗಿತು. ಆದರೂ ತೂಕವಿತ್ತು. ಹಗುರಾದ ಬ್ಯಾಟರಿಯನ್ನು ನಾನು ನಂಬುವುದಿಲ್ಲ. ಹಿಂದಿನ ಮುಚ್ಚಳ ತಿರುಗಿಸಿದೆ. ಎಣ್ಣೆ ಹಚ್ಚಿದ ಹಾಗೆ ತಿರುಗಿತು. ಒಳಗಿನ ಸ್ಪ್ರಿಂಗು ಬೆರಳನ್ನು ಜೋರಾಗಿ ಹಿಂದಕ್ಕೆ ನೂಕಿತು. ಸಡಿಲ ಸ್ಪ್ರಿಂಗಿನ ಬ್ಯಾಟರಿ ಎಷ್ಟೇ ಚೆಂದವಿದ್ದರೂ ಮುಂದೆ ಹೊಡೆತ ತಿನ್ನುವ ಜಾತಿಯದು. ಮುಚ್ಚಳದೊಳಗೆ ಒಂದು ಹೆಚ್ಚಿನ ಬಲ್ಬು ಬೇರೆ, ತೊಟ್ಟಿಲಲ್ಲಿ ಮಲಗಿದ ಹಾಗೆ! ಗುಂಡಿ ನೂಕಿದರೆ ಟಕ್ ಎಂದು ಒಂದೇ ಗಟ್ಟಿ ಮಾತು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಮದುವೆಗೆ ಹೆಣ್ಣು ನೋಡಲು ಹೋದಾಗ ಇಷ್ಟು ಹೊಡೆದುಕೊಂಡಿರಲಿಲ್ಲ. ಇದನ್ನು ನಾಗಮ್ಮ ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ರಸೂಲಸಾಬರು ಅಂಗಡಿಯ ಹಿಂದಿನ ಕತ್ತಲೆ ಕೋಣೆಗೆ ಕರೆದುಕೊಂಡು ಹೋದರು. ನೂಕಿದೆ. ಗೋಡೆಯ ಮೇಲೆ ಬಿದ್ದದ್ದು ಬೆಳಕಲ್ಲ, ಹಾಲು! ನಡುವೆ ಕಪ್ಪು ಚುಕ್ಕೆ ಇಲ್ಲ, ಅಂಚಿನಲ್ಲಿ ಹಳದಿ ಬಳೆ ಇಲ್ಲ. ಗೋಡೆಯ ಸುಣ್ಣದಲ್ಲಿ ಸಿಕ್ಕಿಕೊಂಡಿದ್ದ ಬ್ರಷ್ಷಿನ ಕೂದಲು ಕೂಡ ಕಂಡಿತು. “ಅಬ್ಬಾ!” ಎಂದೆ. “ಇನ್ನೊಮ್ಮೆ ಅನ್ರಿ, ಬೀದಿಯವರಿಗೂ ಕೇಳಲಿ,” ಎಂದರು ರಸೂಲಸಾಬರು. ಬಸ್ಸಿನಲ್ಲಿ ಊರಿಗೆ ಬರುವ ತನಕ ಜೇಬಿನಿಂದ ಕೈ ತೆಗೆಯಲಿಲ್ಲ.

ಹೊಸ ಬ್ಯಾಟರಿ ಕೊಂಡವನ ದೊಡ್ಡ ಕಷ್ಟವೆಂದರೆ ಹಗಲು. ಮರುದಿನ ಬೆಳಿಗ್ಗೆ ಶರಣಪ್ಪ ಅಕ್ಕನನ್ನು ನೋಡಲು ಬಂದ. ಐವತ್ತು ದಾಟಿದ್ದರೂ ನಗೆಚಾಟಿಕೆ ಬಿಡದ ಮನುಷ್ಯ. ಸಂಜೆಯ ಬಸ್ಸಿಗೆ ಹೊರಡುವವನು. ಅವನಿಗೆ ಬ್ಯಾಟರಿ ತೋರಿಸದೆ ಹೇಗೆ ಕಳಿಸಲಿ? ಅಂಗಳದಲ್ಲಿ ಹೊತ್ತಿಸಿ ತೋರಿಸಿದೆ.

“ಹತ್ತೇದೇನ್ರಿ ಮಾಮಾ?” ಎಂದು ಕೇಳಿದ, ಬಲ್ಬಿಗೆ ಕಿವಿ ಹಚ್ಚಿ. “ಸಪ್ಪಳ ಅಂತೂ ಬರವಲ್ದು.”

ನನಗೆ ತಡೆಯಲಾಗಲಿಲ್ಲ. ಹಗಲಿನಲ್ಲಿ ಕತ್ತಲೆ ಎಲ್ಲಿ ಸಿಕ್ಕೀತೆಂದು ಯೋಚಿಸಿದೆ. ಕಾಲ ಕೆಳಗೇ ಇತ್ತು: ಹಗೇವು. ಜೋಳ ಕೂಡಿಡಲು ನೆಲದೊಳಗೆ ತೋಡಿದ ಕೋಣೆಯಂಥ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು. ಮೇಲೆ ಹಾಸುಗಲ್ಲು ಮುಚ್ಚಿ, ಮಣ್ಣು ಬಿಗಿದರೆ ತಿಂಗಳುಗಟ್ಟಲೆ ಗಾಳಿಯೂ ಒಳಗೆ ಹೋಗುವುದಿಲ್ಲ. ಹೇಗೂ ಆ ವಾರ ತೆಗೆಯಬೇಕಿತ್ತು. “ಇವತ್ತೇ ತಗಿಯೋಣು,” ಎಂದೆ. ಶರಣಪ್ಪನೂ ನಾನೂ ಮಣ್ಣು ಬಿಡಿಸಿ ಕಲ್ಲು ಸರಿಸಿದೆವು.

ಹಗೇವು ತೆಗೆದವರು ಅದನ್ನು ಒಂದು ದಿನ ಬಾಯಿ ತೆರೆದು ಬಿಡುತ್ತಾರೆ. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ. ಕಂದೀಲು ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಅರ್ಥ. ಇದು ಊರಿನ ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಅಷ್ಟೇ ಅಲ್ಲ, ಹೈಸ್ಕೂಲಿನಲ್ಲಿ ಉರಿಯುವ ಮೇಣಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಚಿತ್ರ ಸಮೇತ ಉತ್ತರ ಬರೆದು ಮಾಸ್ತರರಿಂದ ಶಾಭಾಸ್ ಅನ್ನಿಸಿಕೊಂಡವನು ನಾನು.

“ಕಂದೀಲ ಹಚ್ಚಿ ತರ್ತೇನಿ, ತಡೀರಿ,” ಎಂದಳು ನಾಗಮ್ಮ.

“ಕಂದೀಲ ಯಾಕ ಬೇಕು? ಇಲ್ಲಿ ಬಾ, ನೋಡು!” ಎಂದು ಬಗ್ಗಿ ಬ್ಯಾಟರಿ ಹೊತ್ತಿಸಿದೆ. ಏನು ಹೇಳಲಿ! ಗೋಡೆಗೆ ಒರಗಿಸಿದ ಹುಲ್ಲು, ತಳದಲ್ಲಿ ಅರ್ಧ ಉಳಿದಿದ್ದ ಜೋಳ, ಎಲ್ಲವೂ ಮದುವೆ ಚಪ್ಪರದ ಹಾಗೆ ಬೆಳಗಿದವು. ಇಷ್ಟು ಚೊಕ್ಕವಾಗಿ ಕಾಣುವ ಜಾಗದಲ್ಲಿ ಕೆಟ್ಟದ್ದೇನಿದ್ದೀತು ಎನ್ನಿಸಿತು. ಕಂದೀಲು ಇಳಿಸುವುದು ನೋಡುವುದಕ್ಕಲ್ಲ, ಇಳಿಯಲೋ ಬೇಡವೋ ಎಂದು ಹಗೇವನ್ನು ಕೇಳುವುದಕ್ಕೆ ಎಂಬುದನ್ನು ಆ ಬೆಳಕಿನಲ್ಲಿ ನಾನು ಪೂರ್ತಿ ಮರೆತೆ.

“ಖರೇನೇ ಭಾರಿ ಅದ ಬಿಡ್ರಿ ಮಾಮಾ,” ಎಂದ ಶರಣಪ್ಪ. ನನಗೆ ಬೇಕಾಗಿದ್ದ ಮಾತು ಬಂತು. “ಹಂಗಾರ ಇಳಿ, ಒಳಗಿಂದ ನೋಡು,” ಎಂದು ಬ್ಯಾಟರಿಯನ್ನು ಅವನ ಕೈಗೇ ಕೊಟ್ಟೆ. “ಕಂದೀಲರ ಬ್ಯಾಡಾತು, ಹಗ್ಗನರ ಕಟಗೊಳೋ ತಮ್ಮಾ,” ಎಂದು ನಾಗಮ್ಮ ಗದರಿದ್ದಕ್ಕೆ ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಆ ಗದರಿಕೆಯೇ ಅವನನ್ನು ಉಳಿಸಿತು.

ಇಳಿದವನು “ಜ್ವಾಳ ಚಲೋ ಅದಾವ್ರಿ” ಎಂದ. ಆಮೇಲೆ “ಮಾಮಾ, ಯಾಕೋ...” ಎಂದ. ಆಮೇಲೆ ಮಾತಿಲ್ಲ. ಹಗ್ಗ ಒಮ್ಮೆಲೇ ಭಾರವಾಯಿತು. ನಾಗಮ್ಮನ ಕೂಗಿಗೆ ಪಕ್ಕದ ಮನೆಯ ಇಬ್ಬರು ಗೋಡೆ ಹಾರಿ ಬಂದರು. ಎಲ್ಲರೂ ಸೇರಿ ಎಳೆದೆವು. ಅವನ ತಲೆ ಹಗೇವಿನ ಬಾಯಿಗೆ ಬಂದಾಗ ತುಟಿ ನೇರಳೆ ಹಣ್ಣಾಗಿತ್ತು. ಬೇವಿನ ಗಿಡದ ಕೆಳಗೆ ಮಲಗಿಸಿ, ಅಂಗಿಯ ಗುಂಡಿ ಕಿತ್ತು, ನೀರು ಚಿಮುಕಿಸಿ, ಮೊರ ಬೀಸಿದರು. ನಾಗಮ್ಮ ಅವನ ಕೆನ್ನೆ ತಟ್ಟುತ್ತ ಅಳುತ್ತಿದ್ದಳು.

ನನಗೊಬ್ಬನಿಗೇ ಗೊತ್ತಿದ್ದ ಸಂಗತಿ ಈಗ ಬಂತು. ಅವನು ಇನ್ನೂ ಕಣ್ಣು ತೆರೆದಿರಲಿಲ್ಲ. ಬದುಕುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ನಾನು ಏಕೋ ಹಗೇವಿನೊಳಗೆ ಬಗ್ಗಿ ನೋಡಿದೆ. ಅವನ ಕೈಯಿಂದ ಜಾರಿದ ಬ್ಯಾಟರಿ ಜೋಳದ ಮೇಲೆ ಬಿದ್ದಿತ್ತು. ಉರಿಯುತ್ತಿತ್ತು! ಬಿದ್ದ ಪೆಟ್ಟಿಗೂ ಮಿಣುಕದೆ, ಮುಕ್ಕಾಗದೆ, ಅದೇ ಹಾಲಿನಂಥ ಬೆಳಕು. ನನ್ನ ಮನಸ್ಸು “ಭೇಷ್” ಎಂದಿತು. ಹೌದು, ಆಗಲೇ. ಭಾವಮೈದುನ ಬೆನ್ನ ಹಿಂದೆ ಉಸಿರಿಗೆ ಒದ್ದಾಡುತ್ತಿದ್ದಾಗ ನಾನು ಬ್ಯಾಟರಿಗೆ ಭೇಷ್ ಎಂದೆ.

ಅಷ್ಟರಲ್ಲಿ ಅವನು ಕೆಮ್ಮಿದ. ಕೆಮ್ಮು ಅಷ್ಟು ಇಂಪಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವನು ಎದ್ದು ಕುಳಿತು ಚಹಾ ಕುಡಿದ ಮೇಲೆ ನಾಗಮ್ಮ ಕಂದೀಲು ಹಚ್ಚಿ, ಹಗ್ಗಕ್ಕೆ ಕಟ್ಟಿ, ಹಗೇವಿಗೆ ಇಳಿಸಿದಳು. ಬಾಯಿಂದ ಕೊಂಚ ಕೆಳಗೆ ಹೋಗುವುದರೊಳಗೆ ಕಂದೀಲು ಆರಿತು. ಅದರ ಕೆಳಗೆ ನನ್ನ ಬ್ಯಾಟರಿ ಜಗಜಗಿಸುತ್ತಲೇ ಇತ್ತು. ಮನುಷ್ಯ ಬದುಕಲಾರದ ಜಾಗದಲ್ಲೂ ಆರದೆ ಉರಿಯುವುದನ್ನೇ ನಾನು ಇಷ್ಟು ವರ್ಷ ನಂಬಿಗಸ್ತ ಎಂದು ಹುಡುಕಿದ್ದೆ. ನಾಗಮ್ಮ ನನ್ನ ಮುಖ ನೋಡಿದಳು. ನಾನು ಗಿಡ ನೋಡಿದೆ.

ಶರಣಪ್ಪನ ಹತ್ತಿರ ತಪ್ಪಾಯಿತೆಂದು ಅಂದೇ ಹೇಳಿದೆ. “ಹೋಗ್ಲಿ ಬಿಡ್ರಿ, ಇಳದಾಂವ ನಾನ ಅಲ್ಲೇನ್ರಿ,” ಎಂದ. ಆದರೆ ಭೇಷ್ ಎಂದದ್ದು ಹೇಳಿರಲಿಲ್ಲ. ಅವನು ನಕ್ಕಾಗೆಲ್ಲ, ಇವನಿಗೆ ಗೊತ್ತಾದರೆ ಮತ್ತೆ ನನ್ನ ಮನೆಯ ಹೊಸ್ತಿಲು ತುಳಿದಾನೆಯೇ ಎನ್ನಿಸುತ್ತಿತ್ತು. ಹೋದ ವರ್ಷ ಯಡ್ರಾಮಿಯ ಕಡೆ ಅವನ ಊರಿಗೆ ಹೋದವನು, ಕಟ್ಟೆಯ ಮೇಲೆ ಇಬ್ಬರೇ ಕುಳಿತಿದ್ದಾಗ ಹೇಳಿಯೇಬಿಟ್ಟೆ.

ಹೇಳಿ ಮುಗಿಸಿ ಹೊರಟುಬಿಡಲು ನಾನು ಚಪ್ಪಲಿ ಹುಡುಕತೊಡಗಿದೆ.

“ಅಕ್ಕಗ ಹೇಳೀರೇನು ಇದನ್ನ?” ಎಂದ ಶರಣಪ್ಪ.

“ಇಲ್ಲ.”

“ಹೇಳಬ್ಯಾಡ್ರಿ. ನಿಮ್ಮನ್ನ ಹಗೇವಿನಾಗ ಇಳಸ್ತಾಳ, ಹಗ್ಗ ಇಲ್ದನ.” ಆಮೇಲೆ ನನ್ನ ಕಡೆ ಸರಿದು, ದನಿ ತಗ್ಗಿಸಿ ಕೇಳಿದ: “ಖರೇ ಹೇಳ್ರಿ ಮಾಮಾ, ಎಷ್ಟೊತ್ತು ಉರೀತ್ರಿ ಅದು?”

“ಮರುದಿನ ತಗದಾಗೂ ಸಣ್ಣಗ ಹತ್ತೇ ಇತ್ತು.”

“ಆಹಾ!” ಎಂದ ಶರಣಪ್ಪ. “ನಡೀರಿ ನಾಳೆ ಜೇವರ್ಗಿಗಿ, ಬ್ಯಾಟ್ರಿ ನೋಡೂಣು.”

ಜೇವರ್ಗಿಯ ಬ್ಯಾಟರಿ ಅಂಗಡಿಯಲ್ಲಿ ರಸೂಲಸಾಬರಲ್ಲಿದ್ದಂಥ ಹಿಂದಿನ ಕತ್ತಲೆ ಕೋಣೆ ಇಲ್ಲ. ಬ್ಯಾಟರಿ ಪರೀಕ್ಷೆಗೆಂದು ಒಂದು ಕರಿ ಕಂಬಳಿ ಇಟ್ಟಿದ್ದಾರೆ. ಗಿರಾಕಿ ತಲೆಯ ಮೇಲಿಂದ ಕಂಬಳಿ ಹೊದ್ದು ಒಳಗೇ ಹೊತ್ತಿಸಿ ನೋಡಬೇಕು. ನಾನು ಕಂಬಳಿಗೆ ಕೈ ಹಾಕುವುದರೊಳಗೆ ಶರಣಪ್ಪ ಅಂಗಡಿಯವನಿಂದ ಕಂದೀಲಿನ ಹೊಸ ಗಾಜೊಂದನ್ನು ಕೇಳಿ ತೆಗೆದುಕೊಂಡು ನನ್ನ ಕೈಯಲ್ಲಿಟ್ಟ. “ಎರಡೂ ಕೈಲೆ ಹಿಡೀರಿ ಮಾಮಾ, ಒಡದೀತು. ಅಕ್ಕಗ ನನ್ನ ಕಡಿಂದ ಕೊಡ್ರಿ,” ಎಂದವನೇ ಬ್ಯಾಟರಿಗಳನ್ನು ಬಾಚಿಕೊಂಡು ಕಂಬಳಿಯೊಳಗೆ ಹೊಕ್ಕ.

“ಮಾಮಾ! ಏನ ಬೆಳಕ್ರೀ ಇದು!”

“ನಾನೂ ನೋಡ್ತೇನಿ, ಸರಿಯಪಾ.”

“ಗಾಜು ಒಡೀತದ. ನೀವು ಅಲ್ಲೇ ನಿಲ್ರಿ.”

ನಿಂತೆ. ಕಂಬಳಿಯ ಅಂಚಿನಿಂದ ಒಮ್ಮೆ ಬಿಳಿ, ಒಮ್ಮೆ ಹಳದಿ ಗೆರೆ ಹೊರಗೆ ಜಾರಿ ಮಾಯವಾಗುತ್ತಿತ್ತು. ಒಳಗೆ ಟಕ್ ಟಕ್ ಸಪ್ಪಳ, ಅವನ ಆಹಾ ಓಹೋ. ಅಂಗಡಿಯಲ್ಲಿದ್ದ ಬ್ಯಾಟರಿಗಳನ್ನೆಲ್ಲ ಅವನು ನಿಧಾನವಾಗಿ, ಬೇಕೆಂದೇ ನಿಧಾನವಾಗಿ, ಒಂದೊಂದಾಗಿ ಹೊತ್ತಿಸಿ ಮುಗಿಸುವವರೆಗೂ ನಾನು ಆ ತೆಳ್ಳನೆಯ ಗಾಜನ್ನು ಎರಡೂ ಕೈಯಲ್ಲಿ, ಹಸುಗೂಸನ್ನು ಹಿಡಿದವನ ಹಾಗೆ ಹಿಡಿದು ನಿಂತಿದ್ದೆ. ಯಾವ ಶಿಕ್ಷೆಯನ್ನೂ ಯಾರೂ ಇಷ್ಟು ಸಂತೋಷದಿಂದ ಅನುಭವಿಸಿರಲಾರರು.