ಒಂಬತ್ತೂಕಾಲು ಇಂಚಿನ ಸುತ್ತು

ನಾನು ಟ್ರೇಸರ್ ಆಗಿದ್ದೆ ಎಂದರೆ ಈಗಿನವರಿಗೆ ತಿಳಿಯುವುದಿಲ್ಲ. ಎಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳುಗಾಗದ ಹಾಸಿ, ಗೆರೆಗೆ ಗೆರೆ ಕೂಡಿಸಿ ಕಪ್ಪು ಶಾಯಿಯಲ್ಲಿ ಎಳೆಯುವ ಕೆಲಸ ಅದು. ಎಪ್ಪತ್ತರ ದಶಕದ ಕೊನೆಗೆ ರಾಯಚೂರಿನ ಒಂದು ಸಣ್ಣ ಕಂಪನಿಯಲ್ಲಿ ನನಗೆ ಆ ಕೆಲಸ ಸಿಕ್ಕಿತು. ಎಣ್ಣೆ ಗಿರಣಿ, ಅಕ್ಕಿ ಗಿರಣಿಗಳಲ್ಲಿ ಬಾಯ್ಲರಿನಿಂದ ಆವಿಯ ಪೈಪು ಹಾಕಿಕೊಡುವ ಕಂಪನಿ. ಮೊದಲ ವರ್ಷ ಹಂಗಾಮಿ ನೌಕರಿ. ಮಾನ್ವಿಯಲ್ಲಿ ಗುಡಿಯ ಪೂಜೆ ಮಾಡಿಕೊಂಡಿದ್ದ ನಮ್ಮಪ್ಪ ಕಳಿಸುವಾಗಲೇ ಹೇಳಿದ್ದರು: “ವರ್ಷ ಆದಮ್ಯಾಲೆ ಖಾಯಂ ಮಾಡಿದ್ರ ಇರು. ಇಲ್ಲಂದ್ರ ಸುಮ್ಮನ ಮನಿಗೆ ಬಾ, ವರ ನೋಡೋಣು.” ಅವರು ನೋಡಿಟ್ಟಿದ್ದ ವರಗಳನ್ನು ನಾನೂ ನೋಡಿದ್ದೆ. ಅದಕ್ಕೇ ಆ ನೌಕರಿಯನ್ನು ಹಲ್ಲು ಕಚ್ಚಿ ಹಿಡಿದಿದ್ದೆ.

ಪೈಪಿನ ಕೆಲಸವೆಂದರೆ ಮುಕ್ಕಾಲು ಪಾಲು ಫ್ಲಾಂಜಿನ ಕೆಲಸ. ಪೈಪಿನ ತುದಿಗೆ ಕೂಡಿಸುವ ದಪ್ಪ ಕಬ್ಬಿಣದ ಬಿಲ್ಲೆ ಅದು, ಸುತ್ತಲೂ ಬೋಲ್ಟಿನ ತೂತುಗಳು. ಎರಡು ಬಿಲ್ಲೆಗಳನ್ನು ಎದುರುಬದುರು ನಿಲ್ಲಿಸಿ, ನಡುವೆ ಆವಿ ಸೋರದಂತೆ ಪ್ಯಾಕಿಂಗ್ ಇಟ್ಟು ಬೋಲ್ಟು ಬಿಗಿದರೆ ಮುಗಿಯಿತು. ಮುಗಿಯಬೇಕು. ಆದರೆ ಪೈಪಿನ ಅಳತೆ ಒಂದೇ ಇದ್ದು, ತೂತುಗಳ ಲೆಕ್ಕವೂ ಒಂದೇ ಇದ್ದು, ತೂತುಗಳು ಕೂತ ಸುತ್ತು ಮಾತ್ರ ಹಿಗ್ಗಿಯೋ ಕುಗ್ಗಿಯೋ ಇದ್ದರೆ ಬೋಲ್ಟು ಒಳಗೆ ಹೋಗುವುದಿಲ್ಲ. ಹುಡುಗ ಹುಡುಗಿ ಒಪ್ಪಿದರೂ ಜಾತಕ ಕೂಡಲಿಲ್ಲವೆಂದು ನಮ್ಮಪ್ಪ ಎಷ್ಟೋ ಸಂಬಂಧಗಳನ್ನು ತಪ್ಪಿಸಿದ್ದರು. ಇದೂ ಹಾಗೇ, ಆದರೆ ಇಲ್ಲಿ ದೋಷಕ್ಕೆ ಶಾಂತಿ ಮಾಡಿಸಲು ಬರುವುದಿಲ್ಲ.

ನಮ್ಮ ಎಂಜಿನಿಯರ್ ಸಾಹೇಬರಿಗೆ ಒಂದು ಹಟವಿತ್ತು. ಹಳೆಯ ಗಿರಣಿಗಳಲ್ಲಿದ್ದದ್ದು ಇಂಗ್ಲೆಂಡಿನಿಂದ ಬಂದ ಇಂಚಿನ ಸಾಮಾನು. ಹೊಸದಾಗಿ ಬರುತ್ತಿದ್ದದ್ದು ನಮ್ಮ ದೇಶದ ಮಿಲಿಮೀಟರಿನ ಸಾಮಾನು. ಇನ್ನು ಮುಂದೆ ಎಲ್ಲ ಫ್ಲಾಂಜುಗಳನ್ನೂ ಮಿಲಿಮೀಟರಿನ ಒಂದೇ ಕೋಷ್ಟಕದ ಪ್ರಕಾರ ತರಿಸಬೇಕು ಎಂದು ಅವರು ನಿಯಮ ಮಾಡಿದ್ದರು. ಆ ನಿಯಮವೇನೂ ತಪ್ಪಲ್ಲ. ಗೋದಾಮಿನಲ್ಲಿದ್ದ ಬಿಲ್ಲೆ ಮಾನ್ವಿಗೂ ಹೊಂದಬೇಕು, ದೇವದುರ್ಗಕ್ಕೂ ಹೊಂದಬೇಕು. ತಪ್ಪಿದ್ದದ್ದು, ಹಳೆಯ ವಾಲ್ವಿಗೂ ಅದೇ ನಿಯಮವನ್ನು ತುರುಕಲು ಹೋದದ್ದರಲ್ಲಿ.

ದೇವದುರ್ಗದ ಒಂದು ಎಣ್ಣೆ ಗಿರಣಿಯಲ್ಲಿ ಹಾಗಾಯಿತು. ಅಲ್ಲಿ ಬಾಯ್ಲರಿನ ಮೇಲಿನ ಆರಿಂಚಿನ ವಾಲ್ವು ಗಟ್ಟಿಮುಟ್ಟಾಗಿತ್ತು. ಅದನ್ನು ಉಳಿಸಿಕೊಂಡು ಪೈಪು ಮಾತ್ರ ಹೊಸದು ಹಾಕಬೇಕಿತ್ತು. ಅಲ್ಲಿದ್ದ ನಮ್ಮ ಫಿಟ್ಟರ್ ಮಿಸ್ತ್ರಿ ಅಲ್ಲೇ ಹತ್ತಿರದ ಜಾಲಹಳ್ಳಿಯ ಕೂಲಿ ಮನೆತನದವರು. ಎಂಟು ವರ್ಷದಿಂದ ದಿನಗೂಲಿಯ ಮೇಲೆಯೇ ಇದ್ದರು. ಅಳತೆ ತೆಗೆಯುವ ಅವರ ರೀತಿಯೇ ಬೇರೆ. ಅವತ್ತಿನ ಪೇಪರನ್ನು ವಾಲ್ವಿನ ಮುಖಕ್ಕೆ ಒತ್ತಿ ಹಿಡಿದು, ಗ್ರೀಸಿನ ಅಂಗೈಯಿಂದ ಉಜ್ಜುವರು. ತೂತುಗಳ ಅಂಚೆಲ್ಲ ಕಾಗದದ ಮೇಲೆ ಕಪ್ಪಗೆ ಮೂಡುತ್ತಿತ್ತು. ಅದನ್ನು ಸುರುಳಿ ಸುತ್ತಿ ಬಸ್ಸು ಹತ್ತಿ ಬಂದು ನನ್ನ ಕೈಗೆ ಕೊಟ್ಟರು.

“ಟೇಪು ಸುಳ್ಳು ಹೇಳಬಹುದು ಅಕ್ಕಾರ, ಇದು ಹೇಳಂಗಿಲ್ಲ,” ಎಂದರು.

ಅಳೆದು ನೋಡಿದೆ. ತೂತುಗಳ ನಡುವಿನಿಂದ ಹಾಯುವ ಸುತ್ತು ಅಡ್ಡಕ್ಕೆ ಒಂಬತ್ತೂಕಾಲು ಇಂಚು, ಅಂದರೆ ಇನ್ನೂರ ಮೂವತ್ತೈದು ಮಿಲಿಮೀಟರ್. ಸಾಹೇಬರ ಕೋಷ್ಟಕದಲ್ಲಿ ಇನ್ನೂರ ನಲವತ್ತು. ವಾಲ್ವಿಗೆ ಎದುರಾಗುವ ಒಂದು ಫ್ಲಾಂಜಿಗೆ ಮಾತ್ರ ಹಳೆಯ ಅಳತೆಯಲ್ಲಿ ತೂತು ಹೊಡೆಸಿದರೆ ಸಾಕು ಎಂದು ಕಾಗದ ಒಯ್ದು ತೋರಿಸಿದೆ. ಸಾಹೇಬರು ನಕ್ಕರು.

“ಅಲ್ಲೂ ಎಂಟು ತೂತು, ಇಲ್ಲೂ ಎಂಟು ತೂತು. ನಿಮ್ಮದು ಗೆರಿ ಎಳಿಯೋ ಕೆಲಸ, ಎಳೀರಿ.”

ಎಳೆದೆ. ಕೆಳಗೆ ಸಹಿಯನ್ನೂ ಹಾಕಿದೆ. ಗ್ರೀಸಿನ ಕಾಗದ ಮಾತ್ರ ಮೇಜಿನ ಡ್ರಾವರಿನಲ್ಲಿ ಉಳಿಯಿತು. ಮನೆಗೆ ಒಯ್ದಿದ್ದರೆ, ನಾನು ಉಳಿದುಕೊಂಡಿದ್ದ ಮನೆಯ ಸೋದರತ್ತೆ ಯಾರ ಕೈ ತಾಗಿದ್ದೆಂದು ಕೇಳಿ ಕಾಗದದ ಜೊತೆ ನನ್ನನ್ನೂ ಹೊರಗೆ ನಿಲ್ಲಿಸುತ್ತಿದ್ದಳು.

ಫ್ಲಾಂಜುಗಳು ಬಂದವು. ದೇವದುರ್ಗದಲ್ಲಿ ಒಂದು ಬೋಲ್ಟೂ ಒಳಗೆ ಇಳಿಯಲಿಲ್ಲ. ಶೇಂಗಾದ ಸುಗ್ಗಿ, ಬಾಯ್ಲರು ತಣ್ಣಗೆ ಕೂತಿದೆ, ಗಿರಣಿಯ ಸಾಹುಕಾರ ಜೀಪಿನಲ್ಲಿ ಬಂದು ನಮ್ಮ ಮಾಲೀಕರ ಮುಂದೆ ಕೂಗಾಡಿ ಹೋದರು. ತೂತುಗಳನ್ನು ಅರದಿಂದ ಉಜ್ಜಿ ಉದ್ದ ಮಾಡು ಎಂದು ಸಾಹೇಬರು ಮಿಸ್ತ್ರಿಗೆ ಹೇಳಿ ಕಳಿಸಿದರು. ಮಿಸ್ತ್ರಿ ಆ ಫ್ಲಾಂಜನ್ನೇ ಚೀಲದಲ್ಲಿ ಹಾಕಿಕೊಂಡು ಆಫೀಸಿಗೆ ಬಂದರು.

“ಇದು ನೀರಲ್ರೀ ಸಾಹೇಬ್ರ, ಆವಿ. ಜೋಡಣಿ ಸರದ್ರ ಮುಂದ ನಿಂತವ ಬೇಯ್ತಾನ. ನಾ ಮಾಡಂಗಿಲ್ಲ,” ಎಂದು ಹೇಳಿ, ಚೀಲ ಇಳಿಸಿ, ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು.

ಆಗ ಮಾಲೀಕರು ಸಾಹೇಬರನ್ನೂ ನನ್ನನ್ನೂ ಒಳಗೆ ಕರೆದರು. ತಪ್ಪು ಯಾರದು ಎಂದು ಕೇಳಿದರು. ಸಾಹೇಬರು ಒಂದು ಕ್ಷಣವೂ ತಡವರಿಸಲಿಲ್ಲ: “ಫಿಟ್ಟರ್ ಅಳತಿ ಕಳಿಸಲೇ ಇಲ್ಲ. ಟ್ರೇಸರ್ ಕೇಳಲೂ ಇಲ್ಲ. ನಕ್ಷಿ ಮ್ಯಾಲೆ ಆಕಿ ಸಹಿ ಅದ ನೋಡ್ರಿ.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

“ಒಂದು ನಿಮಿಷ ಬಂದೆರೀ,” ಎಂದು ಹೊರಗೆ ಬಂದು ಡ್ರಾವರು ಎಳೆದೆ. ಕಾಗದ ಅಲ್ಲೇ ಇತ್ತು. ಅದರ ನೆತ್ತಿಯ ಮೇಲೆ ಪೇಪರಿನ ತಾರೀಖು ಅಚ್ಚಾಗಿತ್ತು, ಫ್ಲಾಂಜಿಗೆ ಆರ್ಡರ್ ಹೋಗುವುದಕ್ಕಿಂತ ಒಂಬತ್ತು ದಿನ ಮೊದಲಿನದು. ಹತ್ತು ಹೆಜ್ಜೆ ಆಚೆ ಬೆಂಚಿನ ಮೇಲೆ ಮಿಸ್ತ್ರಿ ಕೂತಿದ್ದು ನನಗೆ ಕಾಣುತ್ತಿತ್ತು. ಯಾರನ್ನು ಖಾಯಂ ಮಾಡಬೇಕೆಂದು ಪಟ್ಟಿ ಬರೆಯುವವರು ಇದೇ ಸಾಹೇಬರು ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಿಸ್ತ್ರಿಯ ಕಡೆ ಹೋಗಲಿಲ್ಲ. ಕಾಗದ ಒಯ್ದು ಮಾಲೀಕರ ಮುಂದೆ ಹರವಿದೆ.

“ಇದು ಯಾರು ತಂದದ್ದು?” ಎಂದರು ಅವರು.

“ದೇವದುರ್ಗದ ಮಿಸ್ತ್ರಿ ತಂದಾರ. ನಾನು ಸಾಹೇಬರಿಗೆ ತೋರಿಸೀನಿ.”

ಮಾಲೀಕರು ತಾರೀಖು ನೋಡಿದರು, ಸಾಹೇಬರ ಮುಖ ನೋಡಿದರು. “ಹೋಗವಾ, ನಿನ್ನ ಕೆಲಸ ನೋಡು,” ಎಂದು ನನ್ನನ್ನು ಕಳಿಸಿದರು. ಸಾಹೇಬರಿಗೆ ಬೈಗುಳ ಬಿದ್ದಿತಂತೆ. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಎಂಜಿನಿಯರು ಸಿಗುವುದು ಕಷ್ಟವಿದ್ದ ಕಾಲ. ವಾಲ್ವಿನ ಎದುರಿನ ಒಂದು ಫ್ಲಾಂಜಿಗೆ ಹಳೆಯ ಅಳತೆಯಲ್ಲಿ ತೂತು ಹೊಡೆಸಿ ಗಿರಣಿ ಶುರು ಮಾಡಿದರು.

ವರ್ಷದ ಕೊನೆಗೆ ಖಾಯಂ ಪಟ್ಟಿ ತಯಾರಾಯಿತು. ನನ್ನ ಅಕ್ಷರ ದುಂಡಗಿದೆ ಎಂದು ಸಾಹೇಬರು ಅದನ್ನು ನನ್ನಿಂದಲೇ ಶಾಯಿಯಲ್ಲಿ ಬರೆಸಿದರು. ಪೆನ್ಸಿಲಿನ ಕರಡಿನಲ್ಲಿ, ಮಾಲೀಕರ ಕಣ್ಣಿಗೆ ಬಿದ್ದಿದ್ದ ನನ್ನ ಹೆಸರಿತ್ತು. ಮಿಸ್ತ್ರಿಯ ಹೆಸರೂ ಇತ್ತು, ಆದರೆ ಅದರ ಮೇಲೆ ಅಡ್ಡಗೆರೆ ಎಳೆದಿತ್ತು. ಯಾಕೆಂದು ಕೇಳಿದೆ. “ನನ್ನ ಕಣ್ಣು ತಪ್ಪಿಸಿ ಆಫೀಸಿನಾಗ ಕಾಗದ ಕೊಡೋರು ಬ್ಯಾಡ,” ಎಂದರು. ಮಿಸ್ತ್ರಿಯ ಹೆಸರು ಬಿಟ್ಟು, ನನ್ನ ಹೆಸರನ್ನು ನಾನೇ ಅಂದವಾಗಿ ಬರೆದುಕೊಟ್ಟೆ. ಅವತ್ತಿನ ನಾಚಿಕೆ ಇವತ್ತಿಗೂ ಹೋಗಿಲ್ಲ.

ಮುಂದೆ ಅದೇ ಗಿರಣಿಗೆ ಎರಡನೆಯ ಪೈಪಿನ ಕೆಲಸ ಬಂತು. ಅಳತೆಯನ್ನು ಟ್ರೇಸರೇ ಹೋಗಿ ನೋಡಬೇಕು ಎಂದು ಮಾಲೀಕರು ಹುಕುಂ ಮಾಡಿದ್ದರು. ದೇವದುರ್ಗಕ್ಕೆ ಹೋದೆ. ಮಿಸ್ತ್ರಿ ಎಂದಿನಂತೆ “ಬರ್ರಿ ಅಕ್ಕಾರ” ಎಂದರು, ಚಹಾ ತರಿಸಿದರು, ಕಾಗದ ಒತ್ತಿ ಉಜ್ಜುವುದನ್ನು ನನ್ನ ಕೈಯಿಂದಲೇ ಮಾಡಿಸಿದರು. ನನಗೆ ತಡೆಯಲಾಗಲಿಲ್ಲ.

“ಮಿಸ್ತ್ರಿ, ನನ್ನ ಸಲುವಾಗಿ ನಿಮ್ಮ ಖಾಯಂ ತಪ್ಪಿತು,” ಎಂದೆ.

ಅವರು ಕೈ ಒರೆಸಿಕೊಂಡರು. “ಖಾಯಂ ಇವತ್ತಿಲ್ಲಂದ್ರ ನಾಳಿಗೆ ಆಗ್ತದ, ಬಿಡ್ರಿ. ಆ ಕಾಗದ ತೋರಿಸಿದ್ದು ತಪ್ಪಲ್ಲ. ಆದ್ರ ನಾನು ಬಾಗಲದಾಗ ಕುಂತಿದ್ದೆ. ಒಂದು ಮಾತು ಕೂಗಿದ್ರ ನನ್ನ ಕಾಗದ ನಾನ ಹಿಡಕೊಂಡು ಒಳಗ ಬರ್ತಿದ್ದೆ. ಇಷ್ಟು ವರ್ಷದಾಗ ಮಾಲೀಕರ ಖೋಲಿಯೊಳಗ ನನ್ನ ಯಾರೂ ಒಮ್ಮಿನೂ ಕರದಿಲ್ಲ, ಅಕ್ಕಾರ.”